ಠೂ ಬಿಟ್ಟವರಿಗೊಂದು ಗಿರಗಿಟ್ಲೆ

ಅಮೆರಿಕದ ಫ್ಲಾರಿಡಾದಲ್ಲಿ ಇಬ್ಬರು ಡ್ರಾಯಿಂಗ್ ಟೀಚರ್‌ಗಳು 2005ರಲ್ಲಿ ಒಂದು ಸಣ್ಣ ಕೆಲಸ ಶುರು ಮಾಡಿದರು. ಮಕ್ಕಳ ಕೈಲಿ ಕಾಗದದ ಗಿರಗಿಟ್ಲೆ ಮಾಡಿಸಿ, ಸೆಪ್ಟೆಂಬರ್ 21ರ ಶಾಂತಿ ದಿನದಂದು ಶಾಲೆಯ ಅಂಗಳದಲ್ಲಿ ನೆಡಿಸುವುದು. ಈಗ ಬೇರೆ ದೇಶಗಳ ಶಾಲೆಗಳಲ್ಲೂ ಇದನ್ನು ಮಾಡುತ್ತಾರೆ. ನಿಮ್ಮೂರಿನ ಪ್ರೈಮರಿ ಶಾಲೆಯಲ್ಲೂ ನೀವು ಹೋಗಿ ಮಾಡಿಸಬಹುದು. ಅಕ್ಟೋಬರ್ 2 ಇನ್ನೂ ಒಳ್ಳೇದು, ಹೇಗೂ ಗಾಂಧಿ ಜಯಂತಿ.

ಮೊದಲು ಹೆಡ್ ಮೇಷ್ಟ್ರನ್ನು ಕಂಡು ಒಪ್ಪಿಗೆ ತಗೊಳ್ಳಿ. ಒಟ್ಟಿಗೇ ಎರಡು ಪೀರಿಯಡ್ ಕೇಳಿ, ಒಂದು ಸಾಲದು. ಕ್ಲಾಸ್ ಟೀಚರ್ ಜೊತೆಗೇ ಇರಲಿ ಅನ್ನಿ. ಯಾರು ಯಾರ ಪಕ್ಕ ಕೂರಬಾರದು ಅಂತ ಗೊತ್ತಿರುವುದು ಅವರಿಗೇ.

ಬೇಕಾದದ್ದು ಇಷ್ಟೇ: ಹದಿನೈದು ಸೆಂಟಿಮೀಟರಿನ ಚೌಕ ಕಾಗದ, ಕಲರ್ ಪೆನ್ಸಿಲ್, ಕತ್ತರಿ, ಗುಂಡುಸೂಜಿ, ಹರಿದ ಸರದ ಮಣಿ, ಹಿಂದೆ ರಬ್ಬರ್ ಇರುವ ಪೆನ್ಸಿಲ್. ವಾಟರ್ ಕಲರ್ ಬೇಡ. ನಾನು ಒಮ್ಮೆ ಉತ್ಸಾಹದಲ್ಲಿ ಕೊಟ್ಟೆ. ಕಾಗದವೆಲ್ಲ ಹಪ್ಪಳದ ಹಾಗೆ ಮುದುಡಿ, ಒಂದೂ ತಿರುಗಲಿಲ್ಲ.

ಕ್ಲಾಸಿಗೆ ಹೋದ ಮೇಲೆ ಶಾಂತಿಯ ಬಗ್ಗೆ ಭಾಷಣ ಬೇಡ. ಬೋರ್ಡಿನ ಮೇಲೆ ಪಾರಿವಾಳವನ್ನಂತೂ ಬರೆಯಲೇಬೇಡಿ. ಬರೆದರೆ ಮೂವತ್ತು ಮಕ್ಕಳಿಂದ ಮೂವತ್ತು ಪಾರಿವಾಳ ಬರುತ್ತವೆ, ನಿಮ್ಮದಕ್ಕಿಂತ ಸ್ವಲ್ಪ ದಪ್ಪ. ಅದರ ಬದಲು, "ಯಾರ ಜೊತೆಗಾದ್ರೂ ಠೂ ಬಿಟ್ಟಿದ್ದೀರಾ? ಆಮೇಲೆ ಹೇಗೆ ರಾಜಿ ಆದ್ರಿ?" ಅಂತ ಕೇಳಿ. ಕ್ಲಾಸೇ ಎದ್ದು ನಿಲ್ಲುತ್ತದೆ. ಅರ್ಧ ಚಿಕ್ಕಿ ಕೊಟ್ಟದ್ದು, ಸುಮ್ನೆ ಪಕ್ಕ ಬಂದು ಕೂತದ್ದು, ಅಜ್ಜಿ ನಡುವೆ ಬಂದದ್ದು, ಎಲ್ಲ ಹೊರಬರುತ್ತದೆ. ಅದನ್ನೇ ಕಾಗದದ ಒಂದು ಬದಿಗೆ ಚಿತ್ರ ಮಾಡಲಿ. ಇನ್ನೊಂದು ಬದಿಗೆ ಒಂದು ಸಾಲು ಬರೆಯಲಿ. ಜಗಳದ ವಿಷಯ ಹೇಳಲು ಇಷ್ಟವಿಲ್ಲದ ಮಗುವನ್ನು ಒತ್ತಾಯ ಮಾಡಬೇಡಿ.

ನಾಲ್ಕು ಮಕ್ಕಳಿಗೆ ಒಂದೇ ಕಲರ್ ಬಾಕ್ಸ್ ಕೊಡಿ. ಬಾಕ್ಸ್ ಜಾಸ್ತಿ ಇದ್ದರೂ ಅಷ್ಟೇ. ಕೆಂಪು ಪೆನ್ಸಿಲ್ಲಿಗೆ ಜಗಳ ಬಂದೇ ಬರುತ್ತದೆ, ಅಲ್ವಾ? ಬರಲಿ. ನೀವು ತೀರ್ಪು ಕೊಡಲು ಓಡಬೇಡಿ, ಒಂದೆರಡು ನಿಮಿಷ ಕಾಯಿರಿ. ಈ ಕ್ಲಾಸಿನ ನಿಜವಾದ ಪಾಠ ಅಲ್ಲೇ ನಡೆಯುವುದು ಅಂತ ನನಗನಿಸುತ್ತದೆ. ಹೊಡೆಯಲು ಕೈ ಎತ್ತಿದರೆ ಮಾತ್ರ ನಡುವೆ ಹೋಗಿ. ಇನ್ನೊಂದು, ಮಗುವಿನ ಚಿತ್ರವನ್ನು ನೀವು ತಿದ್ದಬೇಡಿ. ಅಜ್ಜಿಗೆ ಮೂರೇ ಬೆರಳಿದ್ದರೂ ಇರಲಿ.

ಇನ್ನು ಮಡಿಸುವ ಕೆಲಸ. ಕಾಗದವನ್ನು ಮೂಲೆಯಿಂದ ಮೂಲೆಗೆ ಎರಡು ಸಲ ಮಡಿಸಿ ಬಿಚ್ಚಿಸಿ. ಮಡಿಕೆಯ ಗೆರೆ ಹಿಡಿದು ನಾಲ್ಕೂ ಮೂಲೆಯಿಂದ ಕತ್ತರಿಸಲಿ, ನಡುವಿಗೆ ಎರಡು ಸೆಂಟಿಮೀಟರ್ ಇರುವಾಗ ನಿಲ್ಲಿಸಲಿ. ಎಂಟು ತುದಿ ಆಗುತ್ತದೆ. ಒಂದು ಬಿಟ್ಟು ಒಂದರಂತೆ ನಾಲ್ಕು ತುದಿಗಳನ್ನು ನಡುವಿಗೆ ತಂದರೆ ಚಿತ್ರವೂ ಬರಹವೂ ಎರಡೂ ಕಾಣುತ್ತವೆ. ಸೂಜಿ ಚುಚ್ಚುವುದು ನಿಮ್ಮ ಕೆಲಸ. ಕಾಗದ, ಆಮೇಲೆ ಮಣಿ, ಆಮೇಲೆ ಪೆನ್ಸಿಲ್ಲಿನ ರಬ್ಬರ್. ಮಣಿ ಮರೆತರೆ ಕಾಗದ ರಬ್ಬರಿಗೆ ಉಜ್ಜಿ ನಿಂತುಬಿಡುತ್ತದೆ. ಸೂಜಿಗಳನ್ನು ಎಣಿಸಿ ತನ್ನಿ, ಎಣಿಸಿಯೇ ವಾಪಸ್ ಒಯ್ಯಿರಿ.

ಪೆನ್ಸಿಲ್‌ಗಳನ್ನು ಅಂಗಳದ ಮೆತ್ತಗಿನ ಮಣ್ಣಿನಲ್ಲಿ ಸಾಲಾಗಿ ಚುಚ್ಚಿಸಿ. ಗಾಳಿ ಇಲ್ಲದಿದ್ದರೆ ಚಿಂತೆ ಬೇಡ, ಮಕ್ಕಳು ತಾವೇ ಕಿತ್ತುಕೊಂಡು ಓಡುತ್ತಾರೆ. ತಿರುಗದ ಒಂದೆರಡು ಇದ್ದೇ ಇರುತ್ತವೆ. ಸೂಜಿಯನ್ನು ಒಂದು ಚೂರು ಹೊರಗೆಳೆದು ಊದಿ ನೋಡಿ.