ಕಳೆ ಮೊದಲೋ, ಬಿತ್ತನೆ ಮೊದಲೋ? ಪಾಳುಬಿದ್ದ ಹುಲ್ಲುಹಾಸಿನಲ್ಲಿ ನಾನು ಕಲಿತದ್ದು

ಮೂರು ಕೆ.ಜಿ. ಬೀಜ ಮಣ್ಣುಪಾಲಾದ ಮೇಲೆ ನನಗೆ ಬುದ್ಧಿ ಬಂತು. ಬೀಜ ಮಣ್ಣುಪಾಲಾಗಬೇಕಾದದ್ದೇ, ಆದರೆ ಅದರಿಂದ ಏನಾದರೂ ಮೇಲೆ ಬರಬೇಕಲ್ಲ!

ನಮ್ಮ ಮನೆ ಮುಂದಿನ ಹುಲ್ಲುಹಾಸು ಸುಮಾರು 120 ಚದರ ಮೀಟರ್. ನಾಲ್ಕು ವರ್ಷ ಅದರ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ದೂರದಿಂದ ಹಸಿರಾಗಿಯೇ ಕಾಣುತ್ತಿತ್ತು. ಬಗ್ಗಿ ನೋಡಿದರೆ ಅರ್ಧಕ್ಕರ್ಧ ಕಳೆ, ಕಾಲುಭಾಗ ಬೋಳು ನೆಲ, ಉಳಿದದ್ದು ಹುಲ್ಲು. ಚಳಿಗಾಲ ಮುಗಿಯುತ್ತಿದ್ದಂತೆ ಉತ್ಸಾಹ ಉಕ್ಕಿತು. ಕಳೆ ಬಾರದಂತೆ ತಡೆಯುವ ಹರಳಿನ ಚೀಲವೊಂದನ್ನು ತಂದು ಇಡೀ ಅಂಗಳಕ್ಕೆ ಎರಚಿದೆ. ಮೂರು ವಾರ ಬಿಟ್ಟು ಹುಲ್ಲಿನ ಬೀಜ ಬಿತ್ತಿ, ದಿನವೂ ಎರಡು ಹೊತ್ತು ನೀರು ಹಾಕಿದೆ. ತಿಂಗಳಾದರೂ ಒಂದು ಎಳೆ ಕಾಣಲಿಲ್ಲ.

ಬೀಜವೇ ಕೆಟ್ಟದ್ದಿರಬೇಕು ಅಂದುಕೊಂಡು ಮಣ್ಣು ಕೆದಕಿ ಕೆಲವನ್ನು ಹೊರತೆಗೆದೆ. ಮೊಳಕೆ ಒಡೆದಿತ್ತು! ಬೇರು ಮಾತ್ರ ಅರ್ಧ ಸೆಂಟಿಮೀಟರಿಗೇ ನಿಂತು, ತುದಿ ಗದೆಯ ಹಾಗೆ ಊದಿಕೊಂಡಿತ್ತು. ಆಗ ಚೀಲ ಹುಡುಕಿ, ಹಿಂಬದಿಯ ಸಣ್ಣ ಅಕ್ಷರ ಓದಿದೆ. ಪೆಂಡಿಮೆಥಾಲಿನ್. ಇದು ಮಣ್ಣಿನ ಮೇಲ್ಪದರದಲ್ಲಿ ಕೂತು, ಮೊಳೆಯುವ ಬೇರಿನ ಜೀವಕೋಶಗಳು ವಿಭಜನೆಯಾಗದಂತೆ ತಡೆಯುತ್ತದೆ. ಕಳೆಯ ಬೀಜ ಯಾವುದು, ನಾವು ಬಿತ್ತಿದ ಬೀಜ ಯಾವುದು ಎಂಬ ಭೇದ ಅದಕ್ಕಿಲ್ಲ. ಎರಡು ಮೂರು ತಿಂಗಳು ಅದರ ಪ್ರಭಾವ ಇರುತ್ತದೆ. ನಾನು ಒಂದು ಕೈಯಲ್ಲಿ ಬಾಗಿಲಿಗೆ ಬೀಗ ಹಾಕಿ, ಇನ್ನೊಂದು ಕೈಯಲ್ಲಿ ಅತಿಥಿಗಳನ್ನು ಕರೆದಿದ್ದೆ.

ಆ ಬೇಸಿಗೆಯ ಹೊತ್ತಿಗೆ ಔಷಧದ ಪ್ರಭಾವ ಇಳಿಯಿತು. ಬೋಳು ಜಾಗ ಹಾಗೇ ಇತ್ತು. ಕ್ರ್ಯಾಬ್‌ಗ್ರಾಸ್ ಎಂಬ ಕಳೆಹುಲ್ಲು ಬಂದು ಅಲ್ಲೆಲ್ಲ ಕಾಲು ಚಾಚಿ ಮಲಗಿತು.

ಅಲ್ಲಿಂದ ನಾನು ಲೆಕ್ಕವನ್ನೇ ಬದಲಿಸಿದೆ. ಮೊದಲು ಬಿತ್ತುವ ದಿನ ಗೊತ್ತು ಮಾಡಿ, ಕಳೆಯ ಕೆಲಸವನ್ನೆಲ್ಲ ಆ ದಿನದಿಂದ ಹಿಂದಕ್ಕೆ ಎಣಿಸಿ ಬರೆದಿಟ್ಟೆ.

ಬಿತ್ತುವ ದಿನ ಹುಲ್ಲಿನ ಜಾತಿಯ ಮೇಲೆ ನಿಂತಿದೆ. ನಮ್ಮಲ್ಲಿರುವುದು ತಂಪು ಹವೆಯ ಹುಲ್ಲು, ಹೆಚ್ಚಿನದು ಟಾಲ್ ಫೆಸ್ಕ್ಯೂ. ಮಣ್ಣಿನ ಉಷ್ಣತೆ 10ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಇದಕ್ಕೆ ಹದ. ವರ್ಷಕ್ಕೆ ಎರಡು ಸಲ ಈ ಹದ ಬರುತ್ತದೆ, ಚಳಿ ಮುಗಿದಾಗ ಒಮ್ಮೆ, ಬೇಸಿಗೆ ಮುಗಿದಾಗ ಇನ್ನೊಮ್ಮೆ. ಮೊದಲನೆಯದು ನೋಡಲಿಕ್ಕೆ ಚೆಂದ, ನಂಬಲಿಕ್ಕಲ್ಲ. ಎಳೆಯ ಹುಲ್ಲು ಬೇರು ಇಳಿಸುವಷ್ಟರಲ್ಲಿ ಬಿಸಿಲು ಏರುತ್ತದೆ, ಜೊತೆಗೆ ಬೇಸಿಗೆಯ ಕಳೆಗಳೆಲ್ಲ ಅದೇ ಹೊತ್ತಿಗೆ ಮೊಳೆಯುತ್ತವೆ. ಬೇಸಿಗೆ ಮುಗಿದ ಮೇಲೆ ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಗಾಳಿ ತಣ್ಣಗಾಗಿರುತ್ತದೆ, ಬೇಸಿಗೆಯ ಕಳೆಗೆ ವಯಸ್ಸಾಗಿರುತ್ತದೆ. ಮೊದಲ ಹಿಮ ಬೀಳುವ (ಇಬ್ಬನಿ ಹೆಪ್ಪುಗಟ್ಟುವ) ರಾತ್ರಿಗೆ ಕನಿಷ್ಠ 45 ದಿನ ಇರುವಂತೆ ನೋಡಿಕೊಂಡರೆ ಸಾಕು. ಕ್ಯಾಲೆಂಡರ್ ನಂಬುವ ಬದಲು ಮಣ್ಣಿಗೆ ಚುಚ್ಚುವ ಥರ್ಮಾಮೀಟರ್ ಒಂದನ್ನು ತಂದುಕೊಂಡೆ. ಬೆಳಿಗ್ಗೆ 5 ಸೆಂ.ಮೀ. ಆಳಕ್ಕೆ ಚುಚ್ಚಿ, ಮೊಣಕಾಲೂರಿ ಕಾಯುವುದು. ಮನೆಯವರಿಗೆಲ್ಲ ನಗು.

ನಿಮ್ಮದು ಗರಿಕೆಯಂಥ ಬಿಸಿ ಹವೆಯ ಹುಲ್ಲಾದರೆ ಈ ಲೆಕ್ಕ ತಲೆಕೆಳಗು. ಗರಿಕೆ ಬೀಜಕ್ಕೆ ಮಣ್ಣು 18 ಡಿಗ್ರಿ ದಾಟಿರಬೇಕು, ಮುಂದೆ ಬೆಚ್ಚನೆಯ ತಿಂಗಳುಗಳು ಕೈಯಲ್ಲಿರಬೇಕು. ಕ್ರ್ಯಾಬ್‌ಗ್ರಾಸ್ ಸುಮಾರು 12-13 ಡಿಗ್ರಿಗೇ ಮೊಳೆಯಲು ಶುರುಮಾಡುವುದರಿಂದ, ತಡೆಯುವ ಔಷಧ ಹಾಕಬೇಕಾದ ಹೊತ್ತು ಗರಿಕೆ ಬಿತ್ತನೆಗೆ ಸ್ವಲ್ಪ ಮುಂಚೆಯೇ ಬರುತ್ತದೆ. ಆ ವರ್ಷ ಎರಡರಲ್ಲಿ ಒಂದನ್ನು ಬಿಡಲೇಬೇಕು. ಬೀಜ ಬಿತ್ತುವುದಾದರೆ ಕಳೆಯನ್ನು ಕೈಯಲ್ಲೇ ಕೀಳಬೇಕು.

ಬಿತ್ತನೆಗೆ ಆರು ವಾರ ಮುಂಚೆ ಕಳೆಗಳನ್ನು ಗುರುತಿಸಲು ಕೂತೆ. ಎಲ್ಲವನ್ನೂ ಒಂದೇ ಔಷಧದಲ್ಲಿ ಕೊಲ್ಲುವ ಆಸೆ ಬಿಟ್ಟೆ. ಡ್ಯಾಂಡೆಲಿಯನ್, ಕ್ಲೋವರ್‌ನಂಥ ಅಗಲ ಎಲೆಯವಕ್ಕೆ 2,4-ಡಿ ಎಂಬ ಕಳೆನಾಶಕ ಸೇರಿದ ಔಷಧ ಸಾಕು, ಅದು ಹುಲ್ಲನ್ನು ಉಳಿಸಿ ಅಗಲ ಎಲೆಯನ್ನು ಮಾತ್ರ ಹಿಡಿಯುತ್ತದೆ. ಆದರೆ ಅದನ್ನು ಸಿಂಪಡಿಸಿದ ಮೇಲೆ ಬಿತ್ತಲು ಮೂರು ನಾಲ್ಕು ವಾರ ಕಾಯಬೇಕು ಎಂದು ಲೇಬಲ್ಲಿನಲ್ಲಿತ್ತು. ಹಾಗಾಗಿ ಆರು ವಾರ ಮುಂಚೆ ಮೊದಲ ಸಲ, ಉಳಿದವಕ್ಕೆ ನಾಲ್ಕು ವಾರ ಮುಂಚೆ ಇನ್ನೊಂದು ಸಲ, ಕಳೆ ಇದ್ದಲ್ಲಿಗಷ್ಟೇ ಹೊಡೆದೆ. ಬಾಯಾರಿ ಬಾಡಿದ ಕಳೆ ಔಷಧವನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಅದಕ್ಕೇ ಎರಡು ದಿನ ಮುಂಚೆ ಅಂಗಳಕ್ಕೆ ಚೆನ್ನಾಗಿ ನೀರು ಬಿಟ್ಟೆ. ಸಿಂಪಡಿಸುವ ಎರಡು ದಿನ ಹಿಂದೆ ಮುಂದೆ ಹುಲ್ಲು ಕತ್ತರಿಸಲಿಲ್ಲ, ಔಷಧ ಇಳಿಯಲು ಎಲೆ ಬೇಕಲ್ಲ. ಗಾಳಿಯಿಲ್ಲದ ಬೆಳಿಗ್ಗೆ, ಕೈಗವಸು ಹಾಕಿಕೊಂಡು. ಒಣಗುವ ತನಕ ಮಕ್ಕಳನ್ನೂ ನಾಯಿಯನ್ನೂ ಹೊರಗೆ ಬಿಡಲಿಲ್ಲ.

ಕ್ರ್ಯಾಬ್‌ಗ್ರಾಸ್‌ಗೆ ಔಷಧವೇ ಹಾಕಲಿಲ್ಲ. ಅದು ಒಂದೇ ವರ್ಷದ ಗಿಡ, ಹಿಮ ಬಿದ್ದರೆ ತಾನೇ ಸಾಯುತ್ತದೆ. ಸಾಯುವ ಮುನ್ನ ಸಾವಿರಾರು ಬೀಜ ಉದುರಿಸುತ್ತದೆ ಅನ್ನುವುದೇ ತಲೆನೋವು. ತೆನೆ ಮೂಡಿದವನ್ನೆಲ್ಲ ಬುಡಸಮೇತ ಕಿತ್ತು ಚೀಲಕ್ಕೆ ತುಂಬಿದೆ.

ಜೇಕಿನ ಕಥೆ ಬೇರೆ. ಕೊನ್ನಾರಿ ಅಂತಲೂ ಕರೆಯುವ ಇದು ಹುಲ್ಲಿನ ಹಾಗೆ ಕಂಡರೂ ಹುಲ್ಲಲ್ಲ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಮೂಲೆ ತಗಲುತ್ತದೆ. ಮೇಲಿನಿಂದ ಎಳೆದರೆ ಗಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ. ನಮ್ಮಲ್ಲಿ ಒಂದು ಮೂಲೆಯಲ್ಲಷ್ಟೇ ಇತ್ತು, ಸಲಿಕೆಯಿಂದ ಒಂದಡಿ ಅಗೆದು ಗಡ್ಡೆಗಳನ್ನು ಒಂದೊಂದಾಗಿ ಆರಿಸಿದೆ. ಎಲ್ಲ ಸಿಕ್ಕಿತು ಎಂದು ಹೇಳುವ ಧೈರ್ಯ ಇವತ್ತಿಗೂ ಇಲ್ಲ.

ಗೇಟಿನ ಪಕ್ಕ ಹತ್ತು ಚದರ ಮೀಟರ್ ಪೂರಾ ಬೋಳಾಗಿತ್ತು. ಅಲ್ಲಿ ಔಷಧವಿಲ್ಲದ ಹಳೆಯ ಉಪಾಯವನ್ನೇ ಮಾಡಿದೆ. ಮಣ್ಣು ಸಡಿಲಿಸಿ, ಸಮ ಮಾಡಿ, ಬೀಜ ಹಾಕದೆ ಬರೀ ನೀರು ಹಾಕುತ್ತ ಹೋದೆ. ಅಮ್ಮ ಜಗಲಿಯಲ್ಲಿ ನಿಂತು, ‘ಏನೋ ಇದು, ಕಳೆಗೂ ನೀರು ಹಾಕಿ ಸಾಕ್ತಿದ್ದೀಯಾ?’ ಅಂದರು. ‘ಹೌದಮ್ಮ, ಹೊರಗೆ ಬರಲಿ ಅಂತ’ ಅಂದೆ. ಹತ್ತು ಹನ್ನೆರಡು ದಿನಕ್ಕೆ ಕಳೆಯ ಮೊಳಕೆಗಳು ದಟ್ಟವಾಗಿ ಎದ್ದವು. ಬಿಸಿಲಿನ ದಿನ ನೋಡಿ ಕಳೆಗುದ್ದಲಿಯಿಂದ ಮೇಲುಮೇಲಕ್ಕೇ ಹೆರೆದು ಒಣಗಲು ಬಿಟ್ಟೆ. ಆಳಕ್ಕೆ ಹೋದರೆ ಕೆಳಗೆ ಮಲಗಿರುವ ಹೊಸ ಬೀಜಗಳು ಬೆಳಕು ಕಂಡು ಏಳುತ್ತವೆ. ಇದನ್ನೇ ಇನ್ನೊಮ್ಮೆ ಮಾಡಿದ ಮೇಲೆ ಬಿತ್ತನೆ. ಇಡೀ ಅಂಗಳದಲ್ಲಿ ಕಳೆ ಅತಿ ಕಡಿಮೆ ಬಂದದ್ದು ಈ ತುಂಡಿನಲ್ಲೇ. ಮುಂದೆ ಎಂದಾದರೂ ಅಂಗಳವನ್ನೆಲ್ಲ ಕಿತ್ತು ಹೊಸದಾಗಿ ಮಾಡಬೇಕಾಗಿ ಬಂದರೆ ಔಷಧದ ಗೊಡವೆಗೇ ಹೋಗುವುದಿಲ್ಲ.

ಈ ಸಲ ಬೀಜವನ್ನೂ ಪರೀಕ್ಷಿಸಿದೆ. ಒದ್ದೆ ಬಟ್ಟೆಯಲ್ಲಿ 50 ಬೀಜ ಸುತ್ತಿಟ್ಟು ಹನ್ನೆರಡು ದಿನ ಬಿಟ್ಟು ಎಣಿಸಿದರೆ 43 ಮೊಳೆತಿದ್ದವು.

ಬಿತ್ತುವ ಹಿಂದಿನ ದಿನ ಹುಲ್ಲನ್ನು 4 ಸೆಂ.ಮೀ.ಗೆ ಇಳಿಸಿದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು, ಇದೊಂದು ದಿನ ಮಾತ್ರ ಆ ನಿಯಮ ಮುರಿದೆ, ಬೀಜಕ್ಕೆ ಬೆಳಕು ಬೇಕು. ಒಣ ಹುಲ್ಲಿನ ಪದರವನ್ನು ರೇಕಿನಿಂದ ಮಣ್ಣು ಕಾಣುವ ತನಕ ಎಳೆದೆ. ತುಳಿದು ಗಟ್ಟಿಯಾದ ಕಡೆ ಮಣ್ಣಿನ ಬಿಲ್ಲೆ ಕೀಳುವ ಯಂತ್ರವನ್ನು ಬಾಡಿಗೆಗೆ ತಂದು ಓಡಿಸಿದೆ. ಚದರ ಮೀಟರಿಗೆ 25 ಗ್ರಾಂ ಲೆಕ್ಕದಲ್ಲಿ ಮತ್ತೆ ಅದೇ ಮೂರು ಕೆ.ಜಿ. ಅರ್ಧವನ್ನು ಉದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ಎರಚಿ, ರೇಕಿನ ಬೆನ್ನಿನಿಂದ ತಿಕ್ಕಿ, ಕಾಲಿನಿಂದ ಮೆಟ್ಟಿದೆ. ಬೀಜ ಅರ್ಧ ಸೆಂಟಿಮೀಟರಿಗಿಂತ ಆಳಕ್ಕೆ ಹೋಗಬಾರದು, ಆದರೆ ಮಣ್ಣಿಗೆ ಅಂಟಿಕೊಂಡಿರಬೇಕು. ಆಮೇಲೆ ದಿನಕ್ಕೆ ಮೂರು ಸಲ, ಮೇಲ್ಮಣ್ಣು ತೇವವಾಗುವಷ್ಟು ನೀರು.

ಐದನೇ ದಿನ ಜಡಿಮಳೆ. ಇಳಿಜಾರಿನ ಬೀಜವೆಲ್ಲ ಕೊಚ್ಚಿಹೋಗಿ ಕೆಳಗಿನ ಅಂಚಿನಲ್ಲಿ ಗುಡ್ಡೆಯಾಯಿತು. ಆಮೇಲೆ ಅಲ್ಲಿ ಹುಲ್ಲು ಬ್ರಷ್ಷಿನ ಕೂದಲಿನ ಹಾಗೆ ಒತ್ತಾಗಿ ಎದ್ದಿತು, ಮೇಲಿನ ಜಾಗ ಬೋಳಾಗಿಯೇ ಉಳಿಯಿತು.

ಎಂಟನೇ ದಿನ ಬೆಳಿಗ್ಗೆ ನಿಂತು ನೋಡಿದರೆ ಏನೂ ಇರಲಿಲ್ಲ. ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ಬೆಳಕಿನ ಎದುರಿಗೆ ನೋಡಿದೆ. ದಾರದಷ್ಟು ತೆಳ್ಳಗಿನ ಹಸಿರು ಸೂಜಿಗಳು, ಪ್ರತಿಯೊಂದರ ತುದಿಯಲ್ಲೂ ಒಂದೊಂದು ಹನಿ. ಎದ್ದು ನಿಂತರೆ ಮತ್ತೆ ಮಾಯ.

ಹುಲ್ಲಿನ ಜೊತೆ ಕಳೆಯೂ ಬಂತು. ಸಿಂಪಡಿಸಲು ಕೈ ಕಡಿಯುತ್ತಿತ್ತು. ಎಳೆ ಹುಲ್ಲು ನಾಲ್ಕು ಸಲ ಕತ್ತರಿ ಕಾಣುವ ತನಕ 2,4-ಡಿ ತಡೆಯಲಾರದು, ಅದಕ್ಕೇ ಸುಮ್ಮನಾದೆ. ಮೊದಲ ಕತ್ತರಿಕೆ ಐದನೇ ವಾರ, 10 ಸೆಂ.ಮೀ. ಬೆಳೆದದ್ದನ್ನು 7ಕ್ಕೆ ಇಳಿಸಿದೆ. ಅದಕ್ಕೂ ಮುಂಚೆ ಒಂದೆರಡು ಎಳೆ ಎಳೆದು ನೋಡಿದ್ದೆ. ಬೇರು ಬಿಡದೆ ಎಲೆ ಹರಿದು ಬಂದಾಗಲೇ ಯಂತ್ರ ಹೊರತೆಗೆದದ್ದು. ಕಳೆಯನ್ನು ಸಂಜೆ ಹತ್ತು ನಿಮಿಷ ಕೂತು ಕೈಯಲ್ಲಿ ಕಿತ್ತೆ.

ಚಳಿ ಮುಗಿದ ಮೇಲೆ, ಥರ್ಮಾಮೀಟರ್ 11 ಡಿಗ್ರಿ ತೋರಿಸಿದ ವಾರ, ತಡೆಯುವ ಔಷಧವನ್ನು ಮತ್ತೆ ತಂದೆ. ಹಿಂದೆ ನನ್ನ ಬೀಜ ಕೊಂದದ್ದೇ ಅದು. ಈ ಸಲ ಹುಲ್ಲು ಬೇರೂರಿತ್ತು, ಬಿತ್ತುವುದೂ ಇರಲಿಲ್ಲ. ಆ ಬೇಸಿಗೆಯಲ್ಲಿ ಕ್ರ್ಯಾಬ್‌ಗ್ರಾಸ್ ಎಣಿಸಿ ಕೀಳುವಷ್ಟೇ ಕಂಡಿತು.

ಇಳಿಜಾರಿನ ಬೋಳು ಜಾಗಕ್ಕೆ ಔಷಧ ಹಾಕಲಿಲ್ಲ. ನಾಲ್ಕು ಗೂಟ ನೆಟ್ಟು ದಾರ ಕಟ್ಟಿದ್ದೇನೆ. ಬಿತ್ತಲು ಇನ್ನು ಐದು ವಾರ ಇದೆ, ನಾಳೆಯಿಂದ ಅಲ್ಲಿ ಕಳೆಗೆ ನೀರು ಹಾಕಬೇಕು.