ಎಬ್ಬಿಸೋ ಮುಂಚೆ ಒಮ್ಮೆ ಮುಖ ನೋಡಿ

ನಾನು 26 ವರ್ಷ ನರ್ಸ್ ಆಗಿದ್ದೆ, ಜಾಸ್ತಿ ರಾತ್ರಿ ಪಾಳಿಯಲ್ಲೇ. ವಾರ್ಡಿನಲ್ಲಿ ಎಲ್ಲರೂ ಮಲಗಿರುವಾಗ ಒಬ್ಬಳೇ ಕೂತು ಕೂತು ಒಂದು ಅಭ್ಯಾಸ ಅಂಟಿಕೊಂಡಿತು. ಮಲಗಿದವರ ಮುಖ ನೋಡಿ ನಿದ್ದೆ ಎಲ್ಲಿಗೆ ಬಂದಿದೆ ಅಂತ ಅಂದಾಜು ಮಾಡೋದು. ಇದನ್ನು ಮನೆಯಲ್ಲಿ ಯಾರು ಬೇಕಾದರೂ ಕಲಿಯಬಹುದು.

ಏಪ್ರಿಲ್ ಬಂದರೆ ದಾವಣಗೆರೆಯಲ್ಲಿ ಮನೆಯೊಳಗೆ ಮಲಗೋಕೆ ಆಗಲ್ಲ. ವಿನೋಬನಗರದ ನಮ್ಮ ಮಾಳಿಗೆ ಮೇಲೆ ಸಾಲಾಗಿ ಚಾಪೆ ಬೀಳುತ್ತವೆ. ಅತ್ತೆ, ಯಜಮಾನರು, ಮಗ, ಮಗಳು, ಅವಳ ಒಂದು ತಿಂಗಳ ಕೂಸು. ಪಾಠಕ್ಕೆ ಇಷ್ಟು ಜನ ಸಾಕು.

ಮೊದಲು ಯಜಮಾನರನ್ನು ನೋಡಿ. ಮಿರ್ಚಿ ಮಂಡಕ್ಕಿ ತಿಂದು ಬಂದು ಮೊಬೈಲ್ ಹಿಡಿದು ಒರಗುತ್ತಾರೆ. ಸ್ವಲ್ಪ ಹೊತ್ತಿಗೆ ಮೊಬೈಲ್ ಮೂಗಿನ ಮೇಲೆ ಬೀಳುತ್ತದೆ. ಇದು ಜೊಂಪು, ನಿದ್ದೆಯ ಮೊದಲ ಹಂತ. ರೆಪ್ಪೆಯೊಳಗೆ ಕಣ್ಣು ನಿಧಾನಕ್ಕೆ ತೇಲುತ್ತಿರುತ್ತದೆ. ಮೆಟ್ಟಿಲು ತಪ್ಪಿದ ಹಾಗೆ ಕಾಲು ಒಮ್ಮೆ ಝಾಡಿಸಬಹುದು, ಗಾಬರಿ ಬೇಡ. ಈಗ ಕರೆದರೆ 'ನಾನೆಲ್ಲಿ ಮಲಗಿದ್ದೆ?' ಅಂತ ಜಗಳಕ್ಕೇ ಬರುತ್ತಾರೆ. ಇದು ಕೆಲವೇ ನಿಮಿಷದ ಆಟ.

ಆಮೇಲೆ ಎರಡನೇ ಹಂತ. ಉಸಿರು, ನಾಡಿ ನಿಧಾನವಾಗುತ್ತವೆ, ಮೈ ಬಿಸಿ ಇಳಿಯುತ್ತದೆ, ಕಣ್ಣು ನಿಲ್ಲುತ್ತದೆ. ರಾತ್ರಿಯ ಸುಮಾರು ಅರ್ಧ ನಿದ್ದೆ ಇದೇ. ಕೆಳಗೆ ಆಟೋ ಹೋದರೆ ಏಳದವರು ಹೆಸರು ಹಿಡಿದು ಕರೆದರೆ ಏಳುತ್ತಾರೆ. ಮಧ್ಯಾಹ್ನ ಮಲಗೋರು ಇಲ್ಲೇ ಎದ್ದುಬಿಡಬೇಕು. 20 ನಿಮಿಷಕ್ಕೆ ಅಲಾರಂ ಇಡಿ. ನಾನು ಒಮ್ಮೆ ಡ್ಯೂಟಿಗೆ ಮುಂಚೆ ಒಂದು ಗಂಟೆ ಮಲಗಿ ಎದ್ದು ಟೀಗೆ ಉಪ್ಪು ಹಾಕಿದ್ದೆ.

ಯಾಕಂದರೆ ಅಷ್ಟೊತ್ತಿಗೆ ಮೂರನೇ ಹಂತ ಹಿಡಿದಿರುತ್ತದೆ, ನಾವು ಹೆಣದ ಹಾಗೆ ಬಿದ್ದಿದಾನೆ ಅಂತೀವಲ್ಲ, ಅದು. ಉಸಿರು ಗಡಿಯಾರದ ಲೋಲಕದ ಹಾಗೆ ಒಂದೇ ಸಮ. ರಕ್ತದೊತ್ತಡ ಇಳಿದಿರುತ್ತದೆ. ಮಕ್ಕಳನ್ನು ಬೆಳೆಸುವ ಹಾರ್ಮೋನು ಜಾಸ್ತಿ ಸುರಿಯುವುದು ಈ ಹೊತ್ತಿನಲ್ಲೇ. ಎರಡು ವರ್ಷದ ಹಿಂದೆ ಮಲಗಿ ಒಂದು ಗಂಟೆ ಆಗಿಲ್ಲ, ದಪ್ಪ ಹನಿ ಬೀಳೋಕೆ ಶುರುವಾಯಿತು. ಮಗನನ್ನು ಎಳೆದು ಎಬ್ಬಿಸಿದೆ. ಕಣ್ಣು ತೆರೆದಿತ್ತು. ಚಾಪೆ ಬಿಟ್ಟು ದಿಂಬು ಅಪ್ಪಿಕೊಂಡು ನೀರಿನ ಟ್ಯಾಂಕಿಗೆ ಒರಗಿ ಮಳೆಯಲ್ಲೇ ನಿಂತ. ರಟ್ಟೆ ಹಿಡಿದು ಇಳಿಸಬೇಕಾಯಿತು. ಬೆಳಿಗ್ಗೆ ಕೇಳಿದರೆ, 'ರಾತ್ರಿ ಮಳೆ ಬಂತಾ?' ನಿದ್ದೆಯಲ್ಲಿ ನಡೆಯೋದು, ಮಕ್ಕಳು ಕಿಟಾರನೆ ಕಿರುಚೋದು ಹೆಚ್ಚಾಗಿ ಈ ಹಂತದಿಂದಲೇ, ರಾತ್ರಿಯ ಮೊದಲ ಭಾಗದಲ್ಲಿ. ಬೈದು ಪ್ರಯೋಜನವಿಲ್ಲ. ಮೆಲ್ಲಗೆ ಕೈ ಹಿಡಿದು ಮಲಗಿಸಿ. ನಮ್ಮತ್ತೆಗೆ ಈ ನಿದ್ದೆ ಅಷ್ಟಾಗಿ ಇಲ್ಲ. ವಯಸ್ಸಾದಂತೆ ಅದು ಕಮ್ಮಿಯಾಗುತ್ತದೆ, ಅದಕ್ಕೇ ಬೆಕ್ಕು ಹಾರಿದರೂ ಅವರಿಗೆ ಎಚ್ಚರ.

ಇನ್ನು ಕನಸಿನ ನಿದ್ದೆ. ಮಲಗಿ ಸುಮಾರು ಒಂದೂವರೆ ಗಂಟೆಗೆ ಮೊದಲ ಸಲ ಚಿಕ್ಕದಾಗಿ ಬರುತ್ತದೆ. ಈ ಹಂತಗಳ ಸುತ್ತು ಮತ್ತೆ ಮತ್ತೆ ತಿರುಗಿದಂತೆ ಕನಸಿನ ನಿದ್ದೆ ಉದ್ದವಾಗುತ್ತ ಹೋಗುತ್ತದೆ. ಬೆಳಗಿನ ಜಾವದ ಸಕ್ಕರೆ ನಿದ್ದೆಯಲ್ಲಿ ಇದರ ಪಾಲೇ ದೊಡ್ಡದು. ಗುರುತು ಸುಲಭ. ಮುಚ್ಚಿದ ರೆಪ್ಪೆ ಕೆಳಗೆ ಗುಡ್ಡೆ ಅತ್ತಿತ್ತ ಸರಸರ ಓಡುತ್ತದೆ. 1953ರಲ್ಲಿ ಶಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಅನ್ನೋ ವಿಜ್ಞಾನಿಗಳು ಇದರ ಬಗ್ಗೆ ಬರೆದರು. ಅಜ್ಜಿಯರು ಅದಕ್ಕೂ ಮೊದಲೇ ನೋಡಿರಬೇಕು ಬಿಡಿ. ಕೂಸು ನಿದ್ದೆಯಲ್ಲಿ ನಕ್ಕರೆ 'ದೇವರು ನಗಿಸ್ತಾ ಇದಾನೆ' ಅಂತಾರಲ್ವಾ? ಎಳೆಗೂಸಿನ ಅರ್ಧದಷ್ಟು ನಿದ್ದೆ ಇಂಥದ್ದೇ. ಅದು ಮಿಸುಕಿದ ತಕ್ಷಣ ಎತ್ತಿಕೊಳ್ಳಬೇಡಿ, ಒಂದು ನಿಮಿಷ ನೋಡಿ. ಸುಮಾರು ಸಲ ಅದು ಎದ್ದೇ ಇರೋದಿಲ್ಲ.

ದೊಡ್ಡವರಿಗೆ ಈಗ ಕೈಕಾಲು ಸೋತು ಬಿದ್ದಿರುತ್ತವೆ, ಕನಸಿನಲ್ಲಿ ಓಡಿದರೂ ಕಾಲು ಓಡದ ಹಾಗೆ. ಈ ಸೋಲು ಬಿಡುವ ಮುಂಚೆ ಎಚ್ಚರವಾದರೆ ಎದೆ ಮೇಲೆ ದೆವ್ವ ಕೂತಿತ್ತು ಅನಿಸುತ್ತದೆ. ಉಸಿರು ಏರುಪೇರಾದರೆ ಹೆದರಬೇಡಿ. ಆದರೆ ಗೊರಕೆ ಹತ್ತು ಸೆಕೆಂಡು ನಿಂತು, ಉಸಿರು ಕಟ್ಟಿದ ಹಾಗೆ ಎಳೆದುಕೊಂಡು, ಮತ್ತೆ ಮತ್ತೆ ಹೀಗೇ ಆದರೆ ಡಾಕ್ಟರಿಗೆ ತೋರಿಸಿ. ಮೈಗೆ ಬಿಸಿ, ಚಳಿ ಸಂಭಾಳಿಸುವ ಶಕ್ತಿಯೂ ಈ ಹಂತದಲ್ಲಿ ಕಮ್ಮಿ. ಹಾಗಾಗಿ ನಾಲ್ಕು ಗಂಟೆ ಗಾಳಿಗೆ ನಾನು ಎದ್ದು ಎಲ್ಲರಿಗೂ ಚಾದರ ಎಳೆಯುತ್ತೇನೆ.

ಯಾರನ್ನಾದರೂ ರೈಲಿಗೆ ಎಬ್ಬಿಸಬೇಕಿದ್ದರೆ ಒಂದು ಸುತ್ತಿಗೆ ತೊಂಬತ್ತು ನಿಮಿಷ ಅನ್ನೋ ಲೆಕ್ಕ ನಂಬಬೇಡಿ, ಆ ಸುತ್ತು ಒಬ್ಬೊಬ್ಬರಿಗೆ ಒಂದೊಂದು ಥರ. ಅರ್ಧ ಗಂಟೆ ಮುಂಚೆ ಹೋಗಿ ಪಕ್ಕದಲ್ಲಿ ಕೂರಿ. ಉಸಿರು ಲೋಲಕದ ಹಾಗಿದ್ದರೆ ಸ್ವಲ್ಪ ಬಿಡಿ. ಮಗ್ಗುಲು ಬದಲಿಸಿದಾಗ ಅಥವಾ ಕಣ್ಣಿನ ಓಟ ನಿಂತಾಗ ಮೆಲ್ಲಗೆ ಹೆಸರು ಹಿಡಿದು ಕರೆಯಿರಿ. ನಮ್ಮ ಯಜಮಾನರು ಆಗಲೂ 'ಐದೇ ನಿಮಿಷ' ಅಂತಾರೆ. ಅದಕ್ಕೆ ನನ್ನ ಹತ್ತಿರ ತಣ್ಣೀರಿನ ಚೊಂಬು ಇದೆ.