ಒಂದೇ ಸೀರೆ, ನಾಲ್ಕು ಥರದ ಗಿರಾಕಿ

ಇಳಕಲ್‌ನಲ್ಲಿ ನಮ್ಮದು ನೇಕಾರರ ಮನೆ. ಮಗ್ಗದ ಮೇಲೆ ಕೂರುವವರು ನಮ್ಮ ಮಾವ, ಫೋನ್ ಹಿಡಿದು ಮಾರುವುದು ನಾನು. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್, ವಾಟ್ಸಾಪ್ ನಾಲ್ಕರಲ್ಲೂ ನಮ್ಮ ಸೀರೆ ಇದೆ. ಆದರೆ ಒಂದೇ ಫೋಟೋವನ್ನು ನಾಲ್ಕೂ ಕಡೆ ಹಾಕುವುದಿಲ್ಲ. ಅಲ್ಲಲ್ಲಿಗೆ ಬರುವ ಜನ ಬೇರೆ, ಅವರು ಕೇಳುವುದೂ ಬೇರೆ.

ಇನ್‌ಸ್ಟಾದಲ್ಲಿ ಮೊದಲು ಕಣ್ಣಿಗೆ ಬೀಳಬೇಕಾದದ್ದು ಬಣ್ಣ. 2020ರಲ್ಲಿ ಟಿಕ್‌ಟಾಕ್ ನಿಂತು ರೀಲ್ಸ್ ಬಂದ ಮೇಲಂತೂ ಫೋಟೋಗಿಂತ ವಿಡಿಯೋನೇ ಹೆಚ್ಚು ಓಡುತ್ತದೆ. ದಾಳಿಂಬೆ ಕೆಂಪಿನ, ತೋಪ್ ತೆನೆ ಎಂಬ ಇಳಕಲ್ ವಿನ್ಯಾಸದ ಸೆರಗನ್ನು ಬೆಳಗಿನ ಬಿಸಿಲಿಗೆ ಹರಡಿ ಅಲ್ಲಿಂದಲೇ ವಿಡಿಯೋ ಶುರು ಮಾಡುತ್ತೇನೆ. ನೋಡುವವರಲ್ಲಿ ಬೆಂಗಳೂರು, ಹುಬ್ಬಳ್ಳಿಯಲ್ಲಿ ಕೆಲಸಕ್ಕಿರುವ ಹೆಣ್ಣುಮಕ್ಕಳೇ ಜಾಸ್ತಿ. ಪುಣೆ, ಸೊಲ್ಲಾಪುರದವರೂ ಇದ್ದಾರೆ. ಮಹಾರಾಷ್ಟ್ರದಲ್ಲಿ ‘ಇರಕಲ್’ ಸೀರೆಗೆ ಹಳೆಯ ಬೇಡಿಕೆ, ಹಾಗಾಗಿ ಮರಾಠಿಯಲ್ಲೂ ಎರಡು ಸಾಲು ಬರೆಯುತ್ತೇನೆ. ಬ್ಲೌಸ್‌ಗೆ ಏನು ಹಾಕುವುದು ಎಂಬ ಪ್ರಶ್ನೆ ಅಲ್ಲಿ ತಪ್ಪಿದ್ದಲ್ಲ. ಗುಳೇದಗುಡ್ಡದ ಖಣವನ್ನು ಸೀರೆಯ ಪಕ್ಕ ಇಟ್ಟೇ ತೋರಿಸಿದರೆ ಬೇರೆ ಉತ್ತರ ಬೇಕಿಲ್ಲ.

ಫೇಸ್‌ಬುಕ್‌ನವರು ವಯಸ್ಸಿನಲ್ಲಿ ಹಿರಿಯರು. ನಿವೃತ್ತ ಶಿಕ್ಷಕಿಯರು, ಅಮೆರಿಕದ ಕನ್ನಡಿಗರ ಗುಂಪಿನವರು, ತಮ್ಮ ಅವ್ವ ಉಟ್ಟಿದ್ದ ಸೀರೆಯನ್ನೇ ಹುಡುಕುವವರು. ಅವರಿಗೆ ಬಣ್ಣಕ್ಕಿಂತ ‘ಇದು ಕೈಮಗ್ಗದ್ದೋ ಪವರ್‌ಲೂಮಿನದೋ’ ಎಂಬುದು ಮುಖ್ಯ. ಕೇಳುವುದು ನ್ಯಾಯವೇ, ಪವರ್‌ಲೂಮಿನದನ್ನು ಕೈಮಗ್ಗದ್ದೆಂದು ಮಾರುವುದು ನಡೆದೇ ಇದೆ. ಅಲ್ಲಿ ನಾನು ಹಾಕುವುದು ಮಗ್ಗದ ಫೋಟೋ, ಜೊತೆಗೆ ಕೊಂಡಿ ಹಾಕಿದ ಜಾಗದ ಫೋಟೋ. ಸೀರೆಯ ಮೈಯ ಹಾಸಿನ, ಅಂದರೆ ಉದ್ದನೆಯ, ಎಳೆಗೂ ಸೆರಗಿನ ಕೆಂಪು ಎಳೆಗೂ ಕೈಯಿಂದಲೇ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಕ್ಯಾಮೆರಾ ಹತ್ತಿರ ಒಯ್ದರೆ ಆ ಕೂಡುಗೆರೆ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ನೋಡಿದವರು ಬೆಲೆಯ ಬಗ್ಗೆ ಚೌಕಾಸಿ ಮಾಡುವುದು ಕಡಿಮೆ.

ಕೊಂಡಿ ಹಾಕುವ ಕೆಲಸವನ್ನೇ ಉದ್ದಕ್ಕೆ ತೋರಿಸುವ ವಿಡಿಯೋ ಯೂಟ್ಯೂಬ್‌ಗೆ. ನೋಡಿದವರು ಅವತ್ತೇ ಕೊಳ್ಳುವುದಿಲ್ಲ. ಜವಳಿ ವಿನ್ಯಾಸ ಓದುವ ಮಕ್ಕಳು, ಬೇರೆ ಊರಿನ ನೇಕಾರರು ಬಂದು ನೋಡುತ್ತಾರೆ. ಆದರೆ ರೀಲ್ ಕೆಲವೇ ದಿನಗಳಲ್ಲಿ ಕೆಳಗೆ ಹೋಗುತ್ತದೆ, ಇದು ವರ್ಷಗಳ ನಂತರವೂ ಹುಡುಕಿದವರಿಗೆ ಸಿಗುತ್ತದೆ. ಅನುಮಾನ ಪಡುವ ಗಿರಾಕಿಗೆ ಈ ಲಿಂಕ್ ಕಳಿಸಿಬಿಡುತ್ತೇನೆ.

ಎಕ್ಸ್‌ನಲ್ಲಿ ಅಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನಕ್ಕೊಂದು ಫೋಟೋ ಹಾಕುತ್ತೇನೆ, ಅಷ್ಟೇ. ಅಲ್ಲಿ ನಮಗೆ ವ್ಯಾಪಾರವಿಲ್ಲ.

ಅಂಗಡಿ ಅಂದರೆ ವಾಟ್ಸಾಪೇ. ಉಳಿದ ಮೂರು ಕಡೆ ನೋಡಿದವರೂ ಕೊನೆಗೆ ಇಲ್ಲಿಗೇ ಬರುತ್ತಾರೆ. ಇನ್‌ಸ್ಟಾದಲ್ಲಿ ರಾಶಿ ಲೈಕ್ ಬಿದ್ದ ಸೀರೆ ವಾರಗಟ್ಟಲೆ ಮನೆಯಲ್ಲೇ ಉಳಿದದ್ದುಂಟು. ಬೆಳಿಗ್ಗೆ ಸ್ಟೇಟಸ್‌ಗೆ ಹಾಕಿದ್ದು ಊಟದ ಹೊತ್ತಿಗೆ ಹೋದದ್ದುಂಟು. ವಿಡಿಯೋ ಕಾಲ್ ಮಾಡಿ ‘ಅಕ್ಕಾ, ದಡಿ ಗೋಮಿನೋ ಗಾಯತ್ರಿನೋ? ಸ್ವಲ್ಪ ಹೊರಗ ಬೆಳಕಿನ್ಯಾಗ ಹಿಡೀರಿ’ ಅನ್ನುತ್ತಾರೆ. ಗೋಮಿ, ಗಾಯತ್ರಿ ಎರಡೂ ದಡಿಯ ವಿನ್ಯಾಸದ ಹೆಸರು. ಅಂಗಳಕ್ಕೆ ಹೋಗಿ ತೋರಿಸುತ್ತೇನೆ, ಹಣ ಯುಪಿಐನಲ್ಲಿ ಬರುತ್ತದೆ. ಒಂದೇ ಸಲ ಹಲವರಿಗೆ ಮೆಸೇಜು ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಜನ ಮಾತ್ರ, ಅದರಲ್ಲೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಮೆಸೇಜು ಮುಟ್ಟುತ್ತದೆ. ಅದಕ್ಕೇ ಪ್ರತಿ ಪಾರ್ಸೆಲ್‌ನಲ್ಲೂ ನಂಬರ್ ಬರೆದ ಚೀಟಿ ಇಟ್ಟು, ‘ಸೇವ್ ಮಾಡ್ಕೊಳ್ರಿ, ಹೊಸ ಸೀರೆ ಮಗ್ಗದಿಂದ ಇಳಿದ ಕೂಡಲೇ ಕಳಸ್ತೀನಿ’ ಎಂದು ಕೈಯಾರೆ ಬರೆಯುತ್ತೇನೆ.